ಮದ್ದಿಗೊಂದು ಕಾವಲು

ಅಪಸ್ಮಾರವೆಂಬ ಹೆಸರನ್ನು ನಮ್ಮ ಪೂರ್ವಿಕರು ವಿಚಾರ ಮಾಡಿಯೇ ಇಟ್ಟಿರಬೇಕು. ಸ್ಮೃತಿ ತಪ್ಪಿಹೋಗುವುದೇ ಅಪಸ್ಮಾರ. ಚರಕಸಂಹಿತೆಯಲ್ಲಿ ಈ ವ್ಯಾಧಿಯ ನಿದಾನಕ್ಕೂ ಚಿಕಿತ್ಸೆಗೂ ಬೇರೆ ಬೇರೆ ಅಧ್ಯಾಯಗಳಿವೆ. ನಟರಾಜನ ಪಾದದಡಿ ಬಿದ್ದಿರುವ ಕುಬ್ಜನನ್ನು ಕರೆಯುವುದೂ ಇದೇ ಹೆಸರಿನಿಂದ. ಗ್ರಂಥದ ಮಾತು ಹಾಗಿರಲಿ. ಬೀದಿಯಲ್ಲಿ ಯಾರಾದರೂ ಮೂರ್ಛೆ ಬಂದು ಬಿದ್ದರೆ ನಮ್ಮ ಜನ ಮೊದಲು ಹುಡುಕುವುದು ಕಬ್ಬಿಣವನ್ನು. ಬೀಗದ ಕೈಯೋ ಕುಡುಗೋಲೋ, ಸಿಕ್ಕಿದ್ದನ್ನು ಬಿದ್ದವನ ಮುಷ್ಟಿಗೆ ತುರುಕುತ್ತಾರೆ. 1923ರಿಂದ ಕಬ್ಬಿಣವನ್ನು ಕರಗಿಸಿ ಹೊಯ್ದ ಭದ್ರಾವತಿಯಲ್ಲಿಯೂ ನಾನು ಇದನ್ನು ಕಂಡಿದ್ದೇನೆ. ಸಾಮಾನ್ಯವಾಗಿ ಎರಡು ಮೂರು ನಿಮಿಷಗಳಲ್ಲಿ ಮೂರ್ಛೆ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮಾತ್ರ ಕಬ್ಬಿಣಕ್ಕೆ ಸಲ್ಲುತ್ತದೆ.

ನಿಜವಾದ ಮದ್ದಿನ ಕಥೆ ಸುಮಾರು ನೂರ ಎಪ್ಪತ್ತು ವರ್ಷಗಳಷ್ಟು ಹಳೆಯದು. ಅದನ್ನು ಹೊಸ ಹೊಸ ಔಷಧಗಳ ಶೋಧದ ಕಥೆಯಾಗಿ ಹೇಳುವುದು ವಾಡಿಕೆ. ನನಗಾದರೋ ಅದು ಕಾವಲಿನ ಕಥೆಯಾಗಿ ತೋರುತ್ತದೆ. ಪ್ರತಿಯೊಂದು ಮದ್ದೂ ಒಂದು ಕೈಯಲ್ಲಿ ಉಪಕಾರವನ್ನು, ಮತ್ತೊಂದು ಕೈಯಲ್ಲಿ ಅಪಕಾರವನ್ನು ಹಿಡಿದೇ ಬಂದಿತು. ಆ ಎರಡನೆಯ ಕೈಯನ್ನು ಯಾರು, ಯಾವಾಗ, ಹೇಗೆ ಕಂಡರು ಎಂಬುದೇ ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿರುವ ವಿಷಯ.

1857ರಲ್ಲಿ ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ ಸರ್ ಚಾರ್ಲ್ಸ್ ಲೋಕಾಕ್ ಎಂಬ ಪ್ರಸೂತಿ ವೈದ್ಯರು, ಪೊಟ್ಯಾಸಿಯಂ ಬ್ರೋಮೈಡ್ ಎಂಬ ಲವಣದಿಂದ ಕೆಲವು ಸ್ತ್ರೀಯರ ಮೂರ್ಛೆ ನಿಂತಿತೆಂದು ತಿಳಿಸಿದರು. ಮೂರ್ಛೆಗೂ ಋತುಚಕ್ರಕ್ಕೂ ಅವರು ಕಲ್ಪಿಸಿದ್ದ ಸಂಬಂಧ ಸರಿಯಾಗಿರಲಿಲ್ಲ. ಆದರೆ ಮದ್ದು ಕೆಲಸ ಮಾಡಿತು. ಮುಂದಿನ ಅರ್ಧ ಶತಮಾನ ಬ್ರೋಮೈಡಿನದೇ ಆಳ್ವಿಕೆ. ಅದರ ಜೊತೆಗೆ ಮೈತುಂಬ ಗುಳ್ಳೆ, ತೊದಲು ಮಾತು, ಮಂಕು, ಮರೆವು ಬಂದವು. ಇವೆಲ್ಲ ರೋಗದ ಲಕ್ಷಣಗಳೆಂದೇ ಎಷ್ಟೋ ಕಡೆ ಭಾವಿಸಿದರು. ಮದ್ದಿನ ಅಪರಾಧವನ್ನು ರೋಗಿಯ ಹಣೆಗೆ ಬರೆಯುವುದು ಅಂದಿನಿಂದ ನಡೆದು ಬಂದ ತಪ್ಪು.

1912ರಲ್ಲಿ ಜರ್ಮನಿಯ ಫ್ರೈಬರ್ಗಿನ ತರುಣ ವೈದ್ಯ ಆಲ್ಫ್ರೆಡ್ ಹಾಪ್ಟ್‌ಮನ್, ನಿದ್ದೆಗಾಗಿ ಬಂದಿದ್ದ ಫಿನೋಬಾರ್ಬಿಟಾಲನ್ನು ತನ್ನ ರೋಗಿಗಳಿಗೆ ಕೊಟ್ಟು, ಅವರ ಮೂರ್ಛೆಗಳು ಕಡಿಮೆಯಾದುದನ್ನು ಕಂಡುಹಿಡಿದ. ನಮ್ಮಲ್ಲಿ ಗಾರ್ಡಿನಾಲ್ ಎಂದು ಹೆಸರಾದ ಮಾತ್ರೆ ಇದೇ. ಬೆಲೆ ಅತ್ಯಲ್ಪ, ಗುಣ ದೊಡ್ಡದು. ಆದರೆ ದೊಡ್ಡವರಲ್ಲಿ ತೂಕಡಿಕೆ. ಕೆಲವು ಮಕ್ಕಳಲ್ಲಿ ಅದಕ್ಕೆ ತದ್ವಿರುದ್ಧವಾದ ಚಡಪಡಿಕೆ, ಓದಿನಲ್ಲಿ ಹಿಂದೆ ಬೀಳುವುದು. ಶಾಲೆಯಲ್ಲಿ ದಡ್ಡನೆನಿಸಿಕೊಂಡ ಹುಡುಗ ನಿಜವಾಗಿ ದಡ್ಡನೋ, ಮಾತ್ರೆಯ ಮಂಪರಿನಲ್ಲಿರುವವನೋ ಎಂಬುದನ್ನು ಮೇಷ್ಟರೇ ಮೊದಲು ಕಾಣಬಲ್ಲರು.

1938ರಲ್ಲಿ ಬಾಸ್ಟನ್ನಿನ ಮೆರಿಟ್ ಮತ್ತು ಪಟ್ನಮ್ ಎಂಬ ಇಬ್ಬರು ಫೆನಿಟಾಯಿನ್‌ನ ಗುಣವನ್ನು ಪ್ರಕಟಿಸಿದರು. ಜರ್ಮನಿಯಲ್ಲಿ 1908ರಲ್ಲಿಯೇ ತಯಾರಾಗಿದ್ದ ವಸ್ತು ಅದು. ನಿದ್ದೆ ಬರಿಸದೆಯೂ ಮೂರ್ಛೆಯನ್ನು ತಡೆಯಬಹುದೆಂದು ಅದು ತೋರಿಸಿಕೊಟ್ಟಿತು. ಮರುವರ್ಷವೇ ಅದರ ಮತ್ತೊಂದು ಮುಖ ವರದಿಯಾಯಿತು: ವಸಡು ಬೆಳೆದು ಹಲ್ಲನ್ನು ಮುಚ್ಚುತ್ತಿತ್ತು. ಮುಖದಲ್ಲಿ ಕೂದಲು ಹೆಚ್ಚುವುದು, ಬಹುಕಾಲ ಸೇವಿಸಿದರೆ ಮೂಳೆ ಸವೆಯುವುದು, ಇವೂ ಕ್ರಮೇಣ ತಿಳಿದವು.

ಭದ್ರಾವತಿಯ ನ್ಯೂಟೌನಿನಲ್ಲಿ ನಮ್ಮ ಸಾಲಿನಲ್ಲಿಯೇ ಇದ್ದ, ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ ಒಬ್ಬರು ಈ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸಿದ್ದರು. ಅವರಿಗೆ ಮೂರ್ಛೆ ನಿಂತಿತ್ತು, ವಸಡು ಊದಿತ್ತು. ನಗುವಾಗ ಟವೆಲನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಹುಡುಗರಾದ ನಮಗೆ ಅದೊಂದು ತಮಾಷೆ, ದೊಡ್ಡವರಿಗೂ ಹಾಗೆಯೇ. ಏಕೆ ಹೀಗಾಯಿತೆಂದು ಕೇಳಿದವರಿಲ್ಲ, ವೈದ್ಯರಿಗೆ ತೋರಿಸೆಂದವರೂ ಇಲ್ಲ. ಮಗಳ ಮದುವೆ ಗೊತ್ತಾದಾಗ, ಬೀಗರ ಎದುರು ನಗಲಾಗದೆಂಬ ಸಂಕೋಚಕ್ಕೆ, ಮಾತ್ರೆಯನ್ನು ಯಾರಿಗೂ ಹೇಳದೆ ಒಮ್ಮೆಗೇ ನಿಲ್ಲಿಸಿಬಿಟ್ಟರು. ಕೆಲವು ದಿನಗಳ ಮೇಲೆ ಭದ್ರಾ ಹೊಳೆಗೆ ಸ್ನಾನಕ್ಕೆ ಇಳಿದವರು ಮೇಲೆ ಬರಲಿಲ್ಲ. ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಮೂರ್ಛೆ ಇಮ್ಮಡಿಯಾಗಿ ಮರಳುವುದೆಂದು ಆ ಸಾಲಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಹಲ್ಲನ್ನು ದಿನವೂ ಚೆನ್ನಾಗಿ ತಿಕ್ಕುವುದರಿಂದ, ದಂತವೈದ್ಯರ ನೆರವಿನಿಂದ, ಬೇಕಾದರೆ ಮದ್ದನ್ನು ಕ್ರಮವಾಗಿ ಬದಲಿಸುವುದರಿಂದ ಈ ತೊಂದರೆ ಹತೋಟಿಗೆ ಬರುತ್ತದೆ.

ಫೆನಿಟಾಯಿನ್‌ಗೆ ಇನ್ನೊಂದು ವಿಚಿತ್ರ ಸ್ವಭಾವವಿದೆ. 1960ರ ಹೊತ್ತಿಗೆ ಕೋಪನ್‌ಹೇಗನ್ನಿನ ಬುಕ್ತಾಲ್ ಮೊದಲಾದವರು ರಕ್ತದಲ್ಲಿ ಅದರ ಪ್ರಮಾಣವನ್ನು ಅಳೆದು ರೋಗದೊಡನೆ ಹೋಲಿಸಿದರು. ಒಂದು ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಹಿತವಾದ ಮಿತಿಯೆಂದು ಕ್ರಮೇಣ ಗೊತ್ತಾಯಿತು. 1964ರಲ್ಲಿ ಕುಟ್ ಮತ್ತು ಸಂಗಡಿಗರು ಮಿತಿ ಮೀರಿದರೆ ಆಗುವುದನ್ನು ಮೆಟ್ಟಿಲು ಮೆಟ್ಟಿಲಾಗಿ ವಿವರಿಸಿದರು: 20 ದಾಟಿದರೆ ಕಣ್ಣಾಲಿಯ ಅದುರು, 30 ದಾಟಿದರೆ ನಡಿಗೆಯಲ್ಲಿ ತೂರಾಟ, 40 ದಾಟಿದರೆ ಬುದ್ಧಿಗೆ ಮಂಕು. ತೂರಾಡುವವನನ್ನು ಕುಡುಕನೆಂದು ಜರಿಯುವ ಮೊದಲು ಇದನ್ನು ನೆನೆಯಬೇಕು. ನಮ್ಮ ಭದ್ರಾ ನಾಲೆಯನ್ನು ನೋಡಿ: ದಂಡೆ ತುಂಬುವವರೆಗೆ ಎಷ್ಟು ನೀರು ಬಿಟ್ಟರೂ ಹರಿದು ಹೋಗುತ್ತದೆ, ತುಂಬಿದ ಮೇಲೆ ಒಂದಂಗುಲ ಹೆಚ್ಚಿದರೂ ಗದ್ದೆಗೆ ನುಗ್ಗುತ್ತದೆ. ಯಕೃತ್ತು ಫೆನಿಟಾಯಿನನ್ನು ಕರಗಿಸುವ ರೀತಿಯೂ ಹಾಗೆಯೇ. ಒಂದು ಹಂತದ ಮೇಲೆ ಅರ್ಧ ಮಾತ್ರೆ ಹೆಚ್ಚಿಸಿದರೂ ರಕ್ತದಲ್ಲಿ ವಿಷದಷ್ಟು ಏರಬಹುದು. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಆ ಕರಗುವಿಕೆಯನ್ನೇ ನಿಧಾನಿಸುತ್ತದೆ. ಎರಡನ್ನೂ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ಹೇಳಲೇಬೇಕು.

1968ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ಹಲವರು ಇದ್ದಕ್ಕಿದ್ದಂತೆ ತೂರಾಡತೊಡಗಿದರು. ಅವರು ನುಂಗುತ್ತಿದ್ದ ಫೆನಿಟಾಯಿನ್‌ನ ಪ್ರಮಾಣ ಬದಲಾಗಿರಲಿಲ್ಲ. ವಿಚಾರಿಸಲಾಗಿ, ಕ್ಯಾಪ್ಸೂಲಿನಲ್ಲಿ ಮದ್ದಿನ ಜೊತೆ ತುಂಬುತ್ತಿದ್ದ ನಿರುಪದ್ರವಿ ಪುಡಿ ಮಾತ್ರ ಬದಲಾಗಿತ್ತು. ಸುಣ್ಣದ ಲವಣದ ಬದಲು ಹಾಲಿನ ಸಕ್ಕರೆ ಬಂದಿತ್ತು. ಅಷ್ಟರಿಂದಲೇ ಮದ್ದು ಹೆಚ್ಚಾಗಿ ರಕ್ತಕ್ಕೆ ಸೇರತೊಡಗಿತ್ತು. ದುರ್ಗಿಗುಡಿಯ ಅಂಗಡಿಯಲ್ಲಿ ಒಂದು ಕಂಪನಿಯ ಮಾತ್ರೆ ಸಿಗದೆ ಇನ್ನೊಂದನ್ನು ಕೊಂಡು ತರುವ ನಮಗೂ ಇದರಲ್ಲಿ ಪಾಠವಿದೆ: ಬದಲಿಸಬೇಕಾದರೆ ವೈದ್ಯರಿಗೆ ತಿಳಿಸಿ ಬದಲಿಸುವುದು.

ಮುಂದೆ ಬಂದ ಎರಡು ಮದ್ದುಗಳ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1953ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಕಾರ್ಬಮಾಜೆಪಿನ್ ಕೆಲವೇ ಕೆಲವರಲ್ಲಿ ಚರ್ಮ ಸುಲಿದು ಪ್ರಾಣಕ್ಕೇ ತರುವ ಅಲರ್ಜಿಯನ್ನು ಉಂಟುಮಾಡುತ್ತದೆ. ಇದು ಹುಟ್ಟಿನಿಂದ ಬಂದ ಒಂದು ವಂಶವಾಹಿಯ ಗುರುತಿಗೆ ಸಂಬಂಧಿಸಿದ್ದೆಂದು 2004ರಲ್ಲಿ ತೈವಾನಿನ ಸಂಶೋಧಕರು ತೋರಿಸಿದರು. ಮೊದಲ ವಾರಗಳಲ್ಲಿ ಜ್ವರದೊಡನೆ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ವಾಲ್ಪ್ರೋಯೇಟ್ 1960ರ ದಶಕದ ಫ್ರಾನ್ಸಿನ ಕೊಡುಗೆ. ಗರ್ಭಿಣಿಯರು ಅದನ್ನು ಸೇವಿಸಿದರೆ ಶಿಶುವಿನ ಬೆನ್ನುಹುರಿಗೆ ದೋಷ ತಗುಲಬಹುದೆಂದು 1982ರಲ್ಲಿ ಅದೇ ದೇಶದ ಲಿಯಾನ್ ನಗರದಿಂದ ಎಚ್ಚರಿಕೆ ಬಂತು. ನಮ್ಮ ನೆರೆಯ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ 1998ರಲ್ಲಿ ಇಂಥ ತಾಯಂದಿರ ದಾಖಲೆಯನ್ನು ಕ್ರಮವಾಗಿ ಇಡತೊಡಗಿತು. ಮಗು ಬೇಕೆನ್ನುವ ಹೆಣ್ಣುಮಗಳು ಗರ್ಭ ನಿಲ್ಲುವ ಮೊದಲೇ ವೈದ್ಯರಲ್ಲಿ ಮಾತನಾಡಬೇಕು. ಹೆದರಿ ಮಾತ್ರೆಯನ್ನು ತಾನಾಗಿ ಬಿಡುವುದು ತಾಯಿಗೂ ಮಗುವಿಗೂ ಅಪಾಯ.

ಈ ಕಾವಲಿನ ಚರಿತ್ರೆಯಲ್ಲಿ ಕನ್ನಡ ನಾಡಿಗೂ ಒಂದು ಗೌರವದ ಸ್ಥಾನವಿದೆ. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಮಾತ್ರ ಬರುವ ಮೂರ್ಛೆಯನ್ನು ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ವರದಿ ಮಾಡಿದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಇಂಥ 279 ಜನರ ವಿವರವನ್ನು ಪ್ರಕಟಿಸಿದರು. ಎಣ್ಣೆಸ್ನಾನಕ್ಕೆ ಹಂಡೆ ಕಾಯಿಸಿ ಚೊಂಬು ಚೊಂಬಾಗಿ ತಲೆಗೆ ಹೊಯ್ಯುವ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಅನೇಕರಿಗೆ ನೀರಿನ ಬಿಸಿಯನ್ನು ತಗ್ಗಿಸುವುದೂ, ತಲೆಸ್ನಾನಕ್ಕೆ ಒಂದೂವರೆ ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ ನುಂಗುವುದೂ ಸಾಕಾಗುತ್ತದೆ. ಮೂರ್ಛೆ ಯಾವಾಗ ಬರುತ್ತದೆಂದು ಸರಿಯಾಗಿ ನೋಡಿದ್ದರಿಂದ ಅವರಿಗೆ ದಿನವೂ ಮದ್ದು ತಿನ್ನುವ ಕಷ್ಟ ತಪ್ಪಿತು. ಅದೇ ಡಾ. ಮಣಿಯವರು ಯಳಂದೂರು ತಾಲ್ಲೂಕಿನಲ್ಲಿ 1990ರ ಸುಮಾರಿಗೆ ಆರಂಭಿಸಿದ ಕಾರ್ಯ, ಅಗ್ಗದ ಹಳೆಯ ಮದ್ದುಗಳಾದ ಫಿನೋಬಾರ್ಬಿಟಾಲ್ ಮತ್ತು ಫೆನಿಟಾಯಿನ್‌ಗಳಿಂದಲೇ ಹಳ್ಳಿಗಾಡಿನಲ್ಲಿ ಈ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿತು. ಅದರ ಫಲಿತಾಂಶ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹಾಗಾದರೆ ಎಲ್ಲರೂ ಪದೇ ಪದೇ ರಕ್ತ ಪರೀಕ್ಷೆ ಮಾಡಿಸಬೇಕೆ? ಬೇಕಾಗಿಲ್ಲ. ಮದ್ದು ಮಿತಿ ಮೀರಿದ ಸಂಶಯ ಬಂದಾಗ, ಸೇವಿಸಿದರೂ ಮೂರ್ಛೆ ನಿಲ್ಲದಿದ್ದಾಗ, ಬಸುರಿನಲ್ಲಿ, ಬೇರೆ ಮದ್ದು ಕೂಡಿಕೊಂಡಾಗ ಆ ಪರೀಕ್ಷೆಗೆ ಬೆಲೆಯುಂಟು. ಉಳಿದಂತೆ ಮೊದಲ ಕಾವಲು ಮನೆಯವರ ಕಣ್ಣು. ಆ ಕಣ್ಣಿಗೆ ನಾಚಿಕೆಯ ಪರದೆ ಅಡ್ಡ ಬರಬಾರದು. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯಿದೆಯೊಳಗೆ ಮದುವೆಗೆ ಅಡ್ಡಿಯಾಗಿ ಸೇರಿದ್ದ ಅಪಸ್ಮಾರವನ್ನು 1999ರಲ್ಲಿ ತೆಗೆದುಹಾಕಲಾಯಿತು. ಕಾನೂನು ಬಿಟ್ಟದ್ದನ್ನು ನಾವು ಮನಸ್ಸಿನಲ್ಲಿ ಹಿಡಿದುಕೊಂಡಿರುವುದರಿಂದಲೇ ಎಷ್ಟೋ ಮನೆಗಳಲ್ಲಿ ಮಾತ್ರೆ ಅಕ್ಕಿಯ ಡಬ್ಬಿಯಲ್ಲಿ ಅಡಗಿ ಕೂತಿದೆ.

ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕವನ್ನು ತಪ್ಪದೆ ಬರೆಯುವವರು ನಾವು. ಅದೇ ಚೌಕದಲ್ಲಿ ಇನ್ನೆರಡು ಗುರುತು ಹಾಕಬಹುದು: ಮಾತ್ರೆ ತಪ್ಪಿದ ದಿನ ಒಂದು, ಮೂರ್ಛೆಯೋ ತೂಕಡಿಕೆಯೋ ದದ್ದೋ ಕಂಡ ದಿನ ಇನ್ನೊಂದು. ಮೆಗ್ಗಾನ್ ಆಸ್ಪತ್ರೆಗಾಗಲಿ ಊರಿನ ವೈದ್ಯರಲ್ಲಿಗಾಗಲಿ ಹೋಗುವಾಗ ಆ ಹಾಳೆಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಹೋದರೆ, ಕೋಪನ್‌ಹೇಗನ್ನಿನಲ್ಲಿಯೂ ಬೆಂಗಳೂರಿನಲ್ಲಿಯೂ ದೊಡ್ಡವರು ಮಾಡಿದ ಕೆಲಸದ ಒಂದು ಪಾಲನ್ನು ನಾವೂ ಮಾಡಿದಂತಾಗುತ್ತದೆ.