ಕಂಬದೊಳಗಿನ ಮುಖ, ಕಿವಿಯೊಳಗಿನ ದನಿ

ಹಳೇಬೀಡಿಗೆ ಹೋದವರೆಲ್ಲ ಹೊಯ್ಸಳೇಶ್ವರ ನೋಡಿ, ನಾಲ್ಕು ಸೆಲ್ಫಿ ತೆಗೆದು ಬಸ್ ಹತ್ತಿಬಿಡ್ತಾರೆ. ಪಕ್ಕದ ಬಸ್ತಿಹಳ್ಳಿಗೆ ಬರೋರು ಕಡಿಮೆ. ಅಲ್ಲಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪ ಕಟ್ಟಿಸಿದ್ದು, ವಿಷ್ಣುವರ್ಧನನ ದಂಡನಾಯಕನಾಗಿದ್ದ ತನ್ನ ತಂದೆ ಗಂಗರಾಜನ ನೆನಪಿಗೆ. ಒಳಗಿನ ಕಪ್ಪು ಕಂಬಗಳು ಎಷ್ಟು ನುಣುಪು ಅಂದ್ರೆ, ಎದುರು ನಿಂತರೆ ನಮ್ಮ ಬಿಂಬ ಸೊಟ್ಟಪಟ್ಟ, ಒಂದಕ್ಕಿಂತ ಹೆಚ್ಚಾಗಿ ಕಾಣುತ್ತೆ.

ನಾನು ಹೋದದ್ದು ಚಿಕ್ಕಪ್ಪನ ಜೊತೆ. ಅವರಿಗೆ ಸ್ಕಿಜೋಫ್ರೇನಿಯಾ. ಯಾರೋ ಮೂವರು ತಮ್ಮನ್ನು ಬಯ್ಯೋದು ಅವರಿಗೆ ಕೇಳಿಸುತ್ತೆ. ನನ್ನದು ಯಾವಾಗಲೂ ಒಂದೇ ಉತ್ತರ: "ಅಲ್ಲಿ ಯಾರೂ ಇಲ್ಲ ಚಿಕ್ಕಪ್ಪ, ಸುಮ್ನಿರಿ." ಅವತ್ತು ಅವರು ಕಂಬ ತೋರಿಸಿ ಕೇಳಿದರು, "ಇದರೊಳಗೂ ಯಾರೂ ಇಲ್ಲ. ಹಂಗಂತ ನಿಂಗೆ ಕಾಣ್ತಿರೋದು ಸುಳ್ಳೇನೋ?"

ವಿಜ್ಞಾನಕ್ಕೂ ಈ ಪ್ರಶ್ನೆಯ ಹತ್ತಿರ ಬರಲು ತುಂಬಾ ಕಾಲ ಹಿಡಿಯಿತು. 1976ರಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್‌ನಲ್ಲಿ ಈವ್ ಜಾನ್‌ಸ್ಟನ್ ತಂಡ ಸಿ.ಟಿ. ಸ್ಕ್ಯಾನ್ ಮಾಡಿ, ದೀರ್ಘಕಾಲದ ರೋಗಿಗಳ ಮಿದುಳಿನ ದ್ರವದ ಕೋಣೆಗಳು ಹಿಗ್ಗಿರುವುದನ್ನು ತೋರಿಸಿತು. ಅದು ಮಿದುಳಿನ ಆಕಾರದ ಮಾತಾಯ್ತು. ದನಿಯ ಸುದ್ದಿ ಇನ್ನೂ ಇಲ್ಲ. 1993ರಲ್ಲಿ ಫಿಲಿಪ್ ಮೆಕ್‌ಗೈರ್ ಮತ್ತು ಸಂಗಡಿಗರು 12 ಜನರನ್ನು ದನಿ ಕೇಳುತ್ತಿರುವಾಗಲೇ ಸ್ಕ್ಯಾನ್ ಮಾಡಿದರು. ದನಿ ನಿಂತ ಮೇಲೆ ಮತ್ತೊಮ್ಮೆ. ದನಿ ಇದ್ದಾಗ ಬ್ರೋಕಾ ಭಾಗದಲ್ಲಿ ರಕ್ತದ ಹರಿವು ಹೆಚ್ಚಿತ್ತು. ಅದು ನಾವು ಮಾತಾಡಲು ಬಳಸುವ ಭಾಗ! ತನ್ನದೇ ಒಳಮಾತನ್ನು ಮಿದುಳು ಪರರದೆಂದು ತಿಳಿಯುತ್ತೆ ಅನ್ನೋ ವಾದಕ್ಕೆ ಇದು ಬಲ ಕೊಟ್ಟಿತು. 1999ರಲ್ಲಿ ಥಾಮಸ್ ಡೀರ್ಕ್ಸ್ ತಂಡ ಎಫ್‌.ಎಂ.ಆರ್.ಐ. ಯಂತ್ರದೊಳಗೆ ಮಲಗಿದವರಿಗೆ, ದನಿ ಬಂದಾಗ ಗುಂಡಿ ಒತ್ತಿ ಅಂದಿತು. ಆ ಹೊತ್ತಿಗೆ ಹೊರಗಿನ ಸದ್ದನ್ನು ಗ್ರಹಿಸುವ ಶ್ರವಣ ಭಾಗವೇ ಚುರುಕಾಗಿತ್ತು.

ಅಂದ್ರೆ, ಯಾರೂ ಮಾತಾಡಿಲ್ಲ ಅನ್ನೋದು ನಿಜ. ಕೇಳಿಸಿದ್ದೂ ನಿಜ.

ನಮ್ಮಲ್ಲೂ ಇದರ ಕಥೆಯಿದೆ. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಗೆ ಮೈಸೂರು ಸರ್ಕಾರ 1925ರಲ್ಲಿ 'ಮೆಂಟಲ್ ಹಾಸ್ಪಿಟಲ್' ಅಂತ ಹೆಸರಿಟ್ಟಿತು. ಮುಂದೆ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಜೊತೆ ಸೇರಿ, 1974ರಲ್ಲಿ ಅದು ನಿಮ್ಹಾನ್ಸ್ ಆಯ್ತು. ಅಲ್ಲಿ ಜಿ. ವೆಂಕಟಸುಬ್ರಮಣಿಯನ್ ಅವರ ತಂಡ, ಔಷಧಿಗೆ ಬಗ್ಗದ ದನಿಗಳ ಮೇಲೆ ನೆತ್ತಿಯ ಮೂಲಕ 2 ಮಿಲಿ ಆಂಪಿಯರ್‌ನಷ್ಟು ಸಣ್ಣ ವಿದ್ಯುತ್ ಹರಿಸಿ ಸಂಶೋಧನೆ ನಡೆಸಿದೆ. ವಿದ್ಯುತ್ತನ್ನು ಎಲ್ಲಿ ಹರಿಸಬೇಕು ಅನ್ನೋದಕ್ಕೆ ದಾರಿ ತೋರಿಸಿದ್ದು ಇಂಥ ಸ್ಕ್ಯಾನ್‌ಗಳೇ.

ಹಾಗಂತ ಬರೀ ಸ್ಕ್ಯಾನ್ ನೋಡಿ ಸ್ಕಿಜೋಫ್ರೇನಿಯಾ ಅಂತ ಇವತ್ತಿಗೂ ಹೇಳೋಕಾಗಲ್ಲ. ಗುಂಪುಗಳ ನಡುವೆ ಕಾಣುವ ವ್ಯತ್ಯಾಸ ಒಬ್ಬೊಬ್ಬರಲ್ಲೂ ಕಾಣಬೇಕೆಂದಿಲ್ಲ. ಡಾಕ್ಟರು ಎದುರು ಕೂರಿಸಿಕೊಂಡು ಮಾತಾಡಿಸಲೇಬೇಕು. ನಾನು ಬಿಟ್ಟಿದ್ದು ಅದೊಂದನ್ನೇ.

ಈಗ "ಯಾರೂ ಇಲ್ಲ" ಅನ್ನೋದನ್ನ ನಿಲ್ಲಿಸಿದ್ದೀನಿ. "ನಂಗೆ ಕೇಳಿಸ್ತಿಲ್ಲ ಚಿಕ್ಕಪ್ಪ, ನಿಮಗೆ ಕೇಳಿಸ್ತಿದೆ ಅಂತ ಗೊತ್ತು. ಇವತ್ತು ಜೋರಾ, ಮೆಲ್ಲಗಾ?" ಅಂತೀನಿ.

ಮೊನ್ನೆ ಅಂದರು, "ಮೆಲ್ಲಗೆ. ಕಾಫಿ ಮಾಡು."