ಆಳಂದದ ಗಡಿಗಳು

ಕಲಬುರಗಿಯಿಂದ ವಾಯವ್ಯಕ್ಕೆ ಹೊರಟು, ಜೋಳ ತೊಗರಿಗಳ ಕರಿಯ ನೆಲವನ್ನು ಹಾಯ್ದು ಸುಮಾರು 40 ಕಿಲೋಮೀಟರು ನಡೆದರೆ ಆಳಂದ ಸಿಗುತ್ತದೆ. ಮಳೆ ತಪ್ಪಿದ ವರ್ಷ ಈ ಬಯಲು ಮರಳುಗಾಡನ್ನು ನೆನಪಿಗೆ ತರುವಂಥದು. ಪಶ್ಚಿಮಕ್ಕೆ ಅಕ್ಕಲಕೋಟೆ, ಉತ್ತರಕ್ಕೆ ಉಮರ್ಗಾ. ಇವೆರಡೂ ಈಗ ಮಹಾರಾಷ್ಟ್ರದಲ್ಲಿವೆ. ಹೀಗೆ ಎರಡು ಮಗ್ಗುಲಲ್ಲಿ ಗಡಿಯನ್ನು ಇಟ್ಟುಕೊಂಡು ಬಾಳುವ ಊರಿನ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಗಡಿಯ ಕಲ್ಲುಗಳನ್ನೇ ಎಣಿಸುತ್ತಾರೆ. ಆದರೆ ಅದೇ ಊರಿನಲ್ಲಿ ಇನ್ನೂ ಒಂದು ಪ್ರಶ್ನೆ ತಲೆತಲಾಂತರದಿಂದ ನಿಂತಿದೆ: ಬಾವಿ, ಬೀದಿ, ಸಂತೆಗಳ ವಿಷಯದಲ್ಲಿ ಊರಿನವನ ಮಾತನ್ನು ಕೇಳುವವರು ಯಾರು?

ಊರು ಹಳೆಯದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದಕ್ಕೆ ಅಲಂದೆಯೆಂದು ಹೆಸರು. ಸುತ್ತಣ ನಾಡಿಗೆ ಅಲಂದೆ ಸಾಸಿರವೆಂದು ಹೆಸರು. ಆರನೆಯ ವಿಕ್ರಮಾದಿತ್ಯನ ಮಗ ಯುವರಾಜ ಮಲ್ಲಿಕಾರ್ಜುನನ ಕಾಲದ, 1082ರ ಶಾಸನವೊಂದು ಇಲ್ಲಿ ದೊರೆತಿದೆ. ಆ ಕಾಲದ ಕನ್ನಡ ಶಾಸನಗಳನ್ನು ಓದಿದವರಿಗೆ ಮಹಾಜನರೂ ನಕರದ ವರ್ತಕರೂ ಅಪರಿಚಿತರಲ್ಲ. ಸಂತೆಯ ಸುಂಕದಲ್ಲಿ ಇಷ್ಟು ಪಾಲು ಕೆರೆಗೆ, ಇಷ್ಟು ಪಾಲು ದೇಗುಲಕ್ಕೆ ಎಂದು ಅವರು ಕೂಡಿ ಗೊತ್ತುಮಾಡುತ್ತಿದ್ದರು. ಆ ಕೂಟದಲ್ಲಿ ಎಲ್ಲರಿಗೂ ಸ್ಥಾನವಿತ್ತೆಂದು ಹೇಳುವಂತಿಲ್ಲ. ಆದರೂ ಊರಿನ ಹಣದ ಮಾತು ಊರಿನಲ್ಲಿಯೇ ಆಗುತ್ತಿದ್ದಿತೆಂಬುದು ನಿಜ.

ನಿಜಾಮರ ಆಳ್ವಿಕೆಯ ಹೊತ್ತಿಗೆ ಸ್ಥಿತಿ ಬೇರೆಯಾಗಿತ್ತು. ಆಳಂದ, ಅಫಜಲಪುರಗಳು ಪಾಯಗಾ ಸೀಮೆಗಳಾದವು. ಪಾಯಗಾ ಎಂದರೆ ನಿಜಾಮರ ಖಾಸಾ ಸೈನ್ಯವನ್ನು ಸಾಕುವುದಕ್ಕಾಗಿ ದೊಡ್ಡ ಅಮೀರರ ಮನೆತನಕ್ಕೆ ಬಿಟ್ಟುಕೊಟ್ಟ ಜಹಗೀರು. ಅಲ್ಲಿ ಕಂದಾಯವೂ ಕಚೇರಿಯೂ ಪೊಲೀಸೂ ಆ ಮನೆತನದವು. ಜೇವರ್ಗಿಯ ಕಡೆ ಅಂದೋಲ ತಾಲ್ಲೂಕು ನೇರವಾಗಿ ಸರ್ಕಾರದ್ದಾಗಿತ್ತು. ಹೀಗೆ ನೆರೆಹೊರೆಯ ಊರುಗಳ ರೈತರು ಬೇರೆ ಬೇರೆ ದಫ್ತರಗಳಿಗೆ ತಲೆಬಾಗಬೇಕಾಗಿತ್ತು.

1880ರ ದಶಕದ ಕೊನೆಗೆ ಹೈದರಾಬಾದು ಸರ್ಕಾರವು ಕಂದಾಯದ ರೂಪಾಯಿಗೆ ಒಂದು ಆಣೆಯಂತೆ ಸ್ಥಳೀಯ ಕರವನ್ನು ಹಾಕಿ, ರಸ್ತೆ, ಶಾಲೆ, ದವಾಖಾನೆಗಳಿಗಾಗಿ ಜಿಲ್ಲಾ ಮತ್ತು ತಾಲ್ಲೂಕು ಬೋರ್ಡುಗಳನ್ನು ಏರ್ಪಡಿಸಿತು. ಕ್ರಮವೇನೋ ಒಳ್ಳೆಯದೇ. ಆದರೆ ಜಿಲ್ಲೆಯ ಬೋರ್ಡಿಗೆ ತಾಲ್ಲೂಕದಾರನೇ ಅಧ್ಯಕ್ಷ, ತಾಲ್ಲೂಕಿನ ಬೋರ್ಡಿಗೆ ತಹಶೀಲದಾರನೇ ಅಧ್ಯಕ್ಷ. ಹಣ ಕೊಡುವವನು ರೈತ. ಲೆಕ್ಕ ನೋಡುವವನು ಅಧಿಕಾರಿ. ಆ ಲೆಕ್ಕವಾದರೂ ಯಾವ ಭಾಷೆಯಲ್ಲಿ? 1884ರಲ್ಲಿ ಫಾರಸಿಯ ಸ್ಥಾನಕ್ಕೆ ಉರ್ದು ಬಂದಿತ್ತು. ಕನ್ನಡ ಮಾತ್ರ ಬಲ್ಲವನು ತನ್ನ ಓಣಿಯ ಬಾವಿ ಕುಸಿಯಿತೆಂದು ತಿಳಿಸಬೇಕಾದರೂ ಮೊದಲು ಅರ್ಜಿನವೀಸನನ್ನು ಹುಡುಕಬೇಕು.

ಇನ್ನು ಗಡಿಯ ಮಾತು. ಮುಂಬಯಿಯಿಂದ ಬಂದ ರೈಲುದಾರಿಯು 1871ರಲ್ಲಿ ರಾಯಚೂರನ್ನು ಮುಟ್ಟಿ ಮದರಾಸಿನ ದಾರಿಯೊಡನೆ ಕೂಡಿತು. ಆ ದಾರಿ ಆಳಂದವನ್ನು ಬದಿಗೆ ಬಿಟ್ಟು, ದುಧನಿಯ ಮೇಲೆ ಹಾಯ್ದು ಕಲಬುರಗಿಗೆ ಹೋಯಿತು. ದುಧನಿ ಹೈದರಾಬಾದಿನ ಎಲ್ಲೆಯಾಚೆಯ ಪೇಟೆ. ಎಲ್ಲೆ ದಾಟಿ ಬರುವ ಸರಕಿಗೆ ಕರೋಡಗಿರಿಯವರು ನೂರಕ್ಕೆ ಐದರಂತೆ ಸುಂಕ ಹಿಡಿಯುತ್ತಿದ್ದರು. ಈ ದರಕ್ಕೆ 1802ರ ಒಪ್ಪಂದವೇ ಆಧಾರ. ನಾಣ್ಯವೂ ಬೇರೆ. ಆಚೆ ಕಲ್ದಾರ್ ರೂಪಾಯಿ, ಈಚೆ ಹಾಲಿ ಸಿಕ್ಕಾ. ನೂರು ಕಲ್ದಾರ್ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಸಿಕ್ಕಾ ಎಂಬುದು ಸರ್ಕಾರದ ಲೆಕ್ಕ. ಆಚೆ ಇಸವಿ, ಈಚೆ ಫಸಲಿ. ಹೀಗೆ ಕೆಲವೇ ಹರದಾರಿಯ ಪಯಣದಲ್ಲಿ ಮನುಷ್ಯನಿಗೆ ನಾಣ್ಯವೂ ವರ್ಷವೂ ಕಚೇರಿಯ ಭಾಷೆಯೂ ಬದಲಾಗುತ್ತಿದ್ದವು.

ಈ ಗಡಿ 1947–48ರಲ್ಲಿ ಇನ್ನೊಂದು ಕೆಲಸಕ್ಕೆ ಬಂದಿತು. ಹೈದರಾಬಾದು ಭಾರತ ಒಕ್ಕೂಟವನ್ನು ಸೇರಲು ಒಪ್ಪದಿದ್ದಾಗ, ಸ್ವಾಮಿ ರಮಾನಂದ ತೀರ್ಥರ ನಾಯಕತ್ವದ ಸ್ಟೇಟ್ ಕಾಂಗ್ರೆಸ್ಸಿನವರು ಸೊಲ್ಲಾಪುರ, ವಿಜಯಪುರ ಜಿಲ್ಲೆಗಳ ಗಡಿಯೂರುಗಳಲ್ಲಿ ಶಿಬಿರಗಳನ್ನು ಹೂಡಿದರು. ರಜಾಕಾರರ ಹಾವಳಿಗೆ ಅಂಜಿ ಎಷ್ಟೋ ಕುಟುಂಬಗಳು ಹೊಲಮನೆ ಬಿಟ್ಟು ಎಲ್ಲೆಯಾಚೆಗೆ ಹೋದವು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಸೈನ್ಯ ಶರಣಾಯಿತು. ಅದರ ಬೆನ್ನಿಗೆ ನಡೆದ ಸೇಡಿನ ಕೃತ್ಯಗಳಲ್ಲಿ ಈ ಜಿಲ್ಲೆಗಳ ಅನೇಕ ಮುಸಲ್ಮಾನ ಕುಟುಂಬಗಳು ನೊಂದವೆಂಬುದನ್ನೂ ಚರಿತ್ರೆ ಮರೆಯಬಾರದು. 1949ರ ಆಗಸ್ಟಿನಲ್ಲಿ ಜಹಗೀರು ರದ್ದತಿಯ ಶಾಸನ ಬಂದು, ಪಾಯಗಾ ಸೀಮೆಗಳೂ ಸರ್ಕಾರದ ಆಡಳಿತಕ್ಕೆ ಸೇರಿದವು. ಆಳಂದದ ರೈತನಿಗೂ ಅಂದೋಲದ ರೈತನಿಗೂ ಒಂದೇ ಕಾನೂನಾಯಿತು.

ಬಳಿಕ 1956ರ ನವೆಂಬರ್ 1. ಹೈದರಾಬಾದು ರಾಜ್ಯವನ್ನು ಭಾಷೆಯಂತೆ ಹಂಚಿದಾಗ ಕಲಬುರಗಿ ಮೈಸೂರಿಗೆ ಬಂದಿತು. ಉಸ್ಮಾನಾಬಾದು ಮುಂಬಯಿ ರಾಜ್ಯಕ್ಕೆ ಹೋಯಿತು. ಇದರ ಪರಿಣಾಮವನ್ನು ಮೂರು ತಾಲ್ಲೂಕುಗಳಲ್ಲಿ ನೋಡಿದರೆ ಸ್ವಾರಸ್ಯವಿದೆ. ಅಫಜಲಪುರ, ಜೇವರ್ಗಿಗಳಿಗೂ ಇಂಡಿ, ಸಿಂದಗಿಗಳಿಗೂ ನಡುವೆ ಇದ್ದ ರಾಜ್ಯದ ಎಲ್ಲೆ ಅಳಿಸಿಹೋಯಿತು. ಜೇವರ್ಗಿ ಕಡೆಯ ಕೊಳಕೂರದಂಥ ಹಳ್ಳಿಗಳಿಗೆ ಸಿಂದಗಿಯು ಪರರಾಜ್ಯವಾಗಿ ಉಳಿಯಲಿಲ್ಲ. ಆಳಂದಕ್ಕಾದರೋ ಅಕ್ಕಲಕೋಟೆಯ ಕಡೆಯ ಎಲ್ಲೆ ಹಾಗೆಯೇ ಉಳಿಯಿತು. ಮೇಲಾಗಿ, ಅದುವರೆಗೆ ಒಂದೇ ರಾಜ್ಯದಲ್ಲಿದ್ದ ಉಮರ್ಗಾದ ಕಡೆಗೂ ಹೊಸ ಎಲ್ಲೆಯೊಂದು ಹುಟ್ಟಿತು. ಒಂದೇ ದಿನ ಒಬ್ಬರಿಗೆ ಗೋಡೆ ಬಿದ್ದಿತು, ಇನ್ನೊಬ್ಬರಿಗೆ ಗೋಡೆ ಎದ್ದಿತು.

ಈ ಎಲ್ಲೆಗಳ ವಾದ ಅಲ್ಲಿಗೆ ನಿಲ್ಲಲಿಲ್ಲ. 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟು, ಅಕ್ಕಲಕೋಟೆ ಮೈಸೂರಿಗೆ ಸೇರಬೇಕೆಂದಿತು. ಮಹಾರಾಷ್ಟ್ರ ವರದಿಯನ್ನು ಒಪ್ಪಲಿಲ್ಲ, ವರದಿ ಜಾರಿಯಾಗಲಿಲ್ಲ. 2004ರಲ್ಲಿ ವ್ಯಾಜ್ಯವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಇಷ್ಟು ವರ್ಷಗಳ ವಾದದಿಂದ ಗಡಿಯ ಹಳ್ಳಿಗೆ ಒಂದು ನಲ್ಲಿಯಾದರೂ ಹೆಚ್ಚಾಗಿ ಬಂದಿತೇ ಎಂದು ಅಲ್ಲಿಯ ಹೆಣ್ಣುಮಕ್ಕಳು ಕೇಳಿದರೆ, ಎರಡು ರಾಜಧಾನಿಗಳೂ ಉತ್ತರ ಹೇಳಬೇಕಾಗುತ್ತದೆ.

ನಿಜವಾದ ಬದಲಾವಣೆ ಗಡಿಯ ಕಲ್ಲಿನಿಂದ ಬಂದುದಲ್ಲ, ಒಂದು ಕಾಗದದ ಪಟ್ಟಿಯಿಂದ ಬಂದುದು. 1952ರ ಮೊದಲ ಮಹಾಚುನಾವಣೆಯಲ್ಲಿ ಪಾಯಗಾದ ಒಕ್ಕಲು, ಅವನ ಹೆಂಡತಿ, ಅಗಸಿಯ ಹೊರಗೆ ಬಾಳುತ್ತಿದ್ದ ಕೂಲಿಯವನು, ಪೇಟೆಯ ಸಾಹುಕಾರ ಎಲ್ಲರ ಹೆಸರೂ ಒಂದೇ ಪಟ್ಟಿಯಲ್ಲಿ ಬಂದವು. ಅಲಂದೆಯ ಮಹಾಜನರ ಕೂಟದಲ್ಲಿಯೂ ದೊರೆಯದಿದ್ದ ಸ್ಥಾನ ಇದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಪಂಚಾಯತಿಗೂ ಪುರಸಭೆಗೂ ಐದು ವರ್ಷಕ್ಕೊಮ್ಮೆ ಚುನಾವಣೆಯನ್ನು ಕಡ್ಡಾಯ ಮಾಡಿದವು. ತಹಶೀಲದಾರನ ಕುರ್ಚಿಯಲ್ಲಿ ಊರಿನವನು ಕೂರುವ ಹಾದಿ ಭದ್ರವಾದುದು ಹೀಗೆ.

ಅಂಥ ಪಟ್ಟಿಗೇ ಆಳಂದದಲ್ಲಿ ಈಚೆಗೆ ಕುತ್ತು ಒದಗಿತ್ತು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ, ಮತದಾರರ ಹೆಸರುಗಳನ್ನು ತೆಗೆದುಹಾಕಬೇಕೆಂದು 6,018 ಅರ್ಜಿಗಳು ಗಣಕಜಾಲದ ಮೂಲಕ ಬಂದವು. ಮನೆಮನೆಗೆ ಹೋಗಿ ವಿಚಾರಿಸಿದಾಗ ಸರಿಯಾಗಿ ಕಂಡವು 24 ಮಾತ್ರ. ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರುವರಿಯಲ್ಲಿ ಪೊಲೀಸು ಮೊಕದ್ದಮೆ ದಾಖಲಾಯಿತು. 2025ರಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡವನ್ನು ನೇಮಿಸಿತು. ತಪ್ಪು ಯಾರದೆಂಬುದನ್ನು ನ್ಯಾಯಾಲಯ ಹೇಳಲಿ. ಚರಿತ್ರೆಯ ವಿದ್ಯಾರ್ಥಿ ಗಮನಿಸಬೇಕಾದುದು ಬೇರೆ. ಅಷ್ಟೊಂದು ಹೆಸರುಗಳು ಉಳಿದುದು, ಊರನ್ನು ಬಲ್ಲವರು ಬಾಗಿಲು ತಟ್ಟಿ, ಈ ಮನುಷ್ಯ ಇಲ್ಲಿಯೇ ಇದ್ದಾನೆಯೇ ಎಂದು ಕೇಳಿದುದರಿಂದ.

ಸುಂಕದ ಚೌಕಿ ಹೋಯಿತು. ಹಾಲಿ ಸಿಕ್ಕಾ ಹೋಯಿತು. ಫಸಲಿ ಹಳೆಯ ಕಾಗದಗಳಲ್ಲಿ ಉಳಿಯಿತು. ರಾಜ್ಯದ ಗೆರೆಯಂತೂ ಊರಿನವರನ್ನು ಕೇಳಿ ಬಂದುದೂ ಅಲ್ಲ, ಸರಿದುದೂ ಅಲ್ಲ. ಗಡಿಯೂರಿನವನ ಕೈಯಲ್ಲಿ ಇರುವುದು ಪಟ್ಟಿಯಲ್ಲಿಯ ತನ್ನ ಹೆಸರು. ಚುನಾವಣೆಯ ಹೊತ್ತಿಗೆ ಮಾತ್ರವಲ್ಲ, ಪುರಸಭೆಯ ಲೆಕ್ಕವನ್ನು ಕೇಳುವ ಹೊತ್ತಿಗೂ ಅವನು ಆ ಹೆಸರನ್ನು ನೆನೆದರೆ, ಪಾಯಗಾದ ಕಾಲ ನಿಜವಾಗಿಯೂ ಕಳೆಯಿತೆಂದು ಹೇಳಬಹುದು.