ನೋವಿಗೆ ಅಂಕ, ಅಂಕಕ್ಕೆ ಮದ್ದು: ದೆಹಲಿಯ ಶುಶ್ರೂಷಾ ಚರಿತ್ರೆಯ ಒಂದು ಎಳೆ

ಜ್ವರಕ್ಕೆ ಥರ್ಮಾಮೀಟರ್ ಇದೆ, ರಕ್ತದೊತ್ತಡಕ್ಕೆ ಪಟ್ಟಿ ಇದೆ. ನೋವನ್ನು ಅಳೆಯಲು ನರ್ಸ್‌ಗೆ ರೋಗಿಯ ಮಾತೇ ಗತಿ. ರೋಗಿ ಏನೆನ್ನುತ್ತಾನೋ ಅದೇ ನೋವು ಎಂಬರ್ಥದ ವ್ಯಾಖ್ಯೆಯನ್ನು 1968ರಲ್ಲಿ ಮುಂದಿಟ್ಟವರು ವೈದ್ಯರಲ್ಲ. ಮಾರ್ಗೊ ಮೆಕ್ಯಾಫ್ರಿ ಎಂಬ ಅಮೆರಿಕದ ನರ್ಸ್. ನರ್ಸಿಂಗ್ ಪದವಿ ಶಿಕ್ಷಣ ದೆಹಲಿಯಲ್ಲಿ ಮೊದಲಾದದ್ದು 1946ರಲ್ಲಿ. ಆದರೆ ನೋವು ಅಳೆಯುವ ಸೊನ್ನೆಯಿಂದ ಹತ್ತರ ಅಂಕಪಟ್ಟಿಯೂ ಮಕ್ಕಳಿಗೆಂದು ರೂಪಿಸಿದ ವಾಂಗ್–ಬೇಕರ್ ಮುಖಚಿತ್ರಗಳೂ ಪಠ್ಯಕ್ಕೆ ಬಂದದ್ದು ಬಹಳ ತಡವಾಗಿ.

ಅಂಕ ಎಲ್ಲರ ಬಾಯಿಗೂ ಬರುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದವರನ್ನು 'ಮೊದಲು ಒಂದು ರೂಪಾಯಿ ನೋವಿತ್ತು ಅಂತಿಟ್ಟುಕೊಳ್ಳಿ, ಈಗ ಎಷ್ಟು ಪೈಸೆ ಉಳಿದಿದೆ?' ಎಂದು ಕೇಳುವ ರೂಢಿ ನಮ್ಮ ವಾರ್ಡುಗಳಲ್ಲಿದೆ. ಅಂಕಪಟ್ಟಿಗಿಂತ ಇದೇ ಚೆನ್ನ ಎಂದು ನನಗನ್ನಿಸುತ್ತದೆ. ಆದರೂ ಪೈಸೆ ಹೇಳುವುದು ನೋವಿನ ಪ್ರಮಾಣವನ್ನು ಮಾತ್ರ, ಬಗೆಯನ್ನಲ್ಲ. ಉರಿ, ಜೋಮು, ಕರೆಂಟು ಹೊಡೆದ ಹಾಗೆ ಎಂದರೆ ನರದ ನೋವೆಂಬ ಅನುಮಾನ. ಅದಕ್ಕೆ ಮಾರ್ಫಿನ್ ಒಂದೇ ಸಾಲದೆ ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಯೂ ಬೇಕಾಗಬಹುದು. ಕರೋಲ್‌ಬಾಗಿನ ಕನ್ನಡದ ಅಜ್ಜಿ ಇದೆಲ್ಲವನ್ನೂ ತನಗೆ ಬರುವ ಒಂದೇ ಹಿಂದಿ ಪದ 'ದರ್ದ್'ನಲ್ಲಿ ಮುಗಿಸಿದರೆ, ಮದ್ದಿನ ಆಯ್ಕೆಯೇ ತಪ್ಪೀತು.

ಅಳೆದ ಮೇಲೆ ಮದ್ದು ಸಿಗಬೇಕಲ್ಲ? ಗಾಜಿಪುರ, ನೀಮಚ್‌ಗಳಲ್ಲಿ ಸರ್ಕಾರವೇ ಅಫೀಮು ಸಂಸ್ಕರಿಸುವ ದೇಶವಿದು. ಆದರೆ 1985ರ ಮಾದಕವಸ್ತು ಕಾಯ್ದೆಯ ಜೈಲುಶಿಕ್ಷೆಗೂ ಸಾಲುಸಾಲು ಪರವಾನಗಿಗಳಿಗೂ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಆ ವರ್ಷ ಸುಮಾರು 716 ಕಿಲೋ ಇದ್ದ ದೇಶದ ಬಳಕೆ 1997ರ ಹೊತ್ತಿಗೆ 18 ಕಿಲೋಗೆ ಕುಸಿದಿತ್ತು. ಕ್ಯಾನ್ಸರ್ ನೋವಿಗೆಂದು, ಬಾಯಿಂದ ಕೊಡುವ ಮಾರ್ಫಿನ್ನನ್ನು ನೆಚ್ಚಿದ ಮೂರು ಮೆಟ್ಟಿಲ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ್ದು ಇದರ ನಡುವೆಯೇ, 1986ರಲ್ಲಿ.

ಕ್ಯಾನ್ಸರಿನಿಂದ ಗುಣವಾಗಿ ಬಂದ ಹರ್ಮಾಲಾ ಗುಪ್ತಾ ದೆಹಲಿಯಲ್ಲಿ ಕ್ಯಾನ್‌ಸಪೋರ್ಟ್ ಕಟ್ಟಿದ್ದು ಇಂಥ ಬರದ ಕಾಲದಲ್ಲಿ, 1996ರಲ್ಲಿ. ವೈದ್ಯರು, ನರ್ಸ್, ಆಪ್ತಸಮಾಲೋಚಕರ ತಂಡ ರಾಜಧಾನಿ ವಲಯದ ಮನೆಗಳಿಗೆ ಹೋಗಿ ಉಚಿತವಾಗಿ ಆರೈಕೆ ಮಾಡುವ ಪದ್ಧತಿ ಬೆಳೆಯಿತು. ನರ್ಸ್ ಪಾತ್ರ ಬದಲಾದದ್ದು ಇಲ್ಲಿ. ವಾರ್ಡಿನಲ್ಲಿ ಕೇಸ್‌ಶೀಟಿಗೆ ಅಂಕ ಬರೆದು ವೈದ್ಯರ ದಾರಿ ಕಾಯುವವಳು, ಮನೆಯಲ್ಲಿ ಸೊಸೆಗೋ ಮಗನಿಗೋ ಮದ್ದು ಕೊಡುವುದನ್ನು ಕಲಿಸುವ ಗುರು. ನೋವು ಮರುಕಳಿಸುವ ಮುನ್ನವೇ, ನಾಲ್ಕು ಗಂಟೆಗೊಮ್ಮೆ ಮಾರ್ಫಿನ್. ಜೊತೆಗೆ ಮಲಬದ್ಧತೆಗೆ ಔಷಧ, ಇದನ್ನು ಮರೆತರೆ ರೋಗಿ ಮಾರ್ಫಿನ್ನನ್ನೇ ದೂರುತ್ತಾನೆ.

ಮಾದಕವಸ್ತು ಕಾಯ್ದೆಯ 2014ರ ತಿದ್ದುಪಡಿ ಪರವಾನಗಿಯ ಗೋಜಲನ್ನು ಬಿಡಿಸಿತು. ಮದ್ದು ಬರೆಯುವ ಅಧಿಕಾರವೇನೋ ವೈದ್ಯರದೇ, ಆದರೆ ಅದು ನಾಟಿತೇ ಎಂದು ಮನೆಯಲ್ಲಿ ನೋಡುವವಳು ನರ್ಸ್. ಮಲಗುವಾಗ ಇಮ್ಮಡಿ ಪ್ರಮಾಣ ಕೊಟ್ಟು, ನಡುರಾತ್ರಿಯ ಗುಳಿಗೆಗೆಂದು ರೋಗಿಯನ್ನು ಎಬ್ಬಿಸದಿರುವ ಕ್ರಮವೂ ಇದೆ. ಅದಕ್ಕೇ ಮರುಭೇಟಿಯಲ್ಲಿ ಅಂಕ, ಪೈಸೆಗಳಿಗಿಂತ ಮುಂಚೆ ಕೇಳಬೇಕಾದದ್ದು: ರಾತ್ರಿ ನಿದ್ದೆ ಬಂತೇ?